ಪಿಎಚ್‌ಡಿ ಮುಗೀತಂತೆ, ಪೋಸ್ಟಿಂಗ್ ಎಲ್ಲಾಯ್ತು?

ನಮ್ಮ ಊರುಗಳಲ್ಲಿ ಡಾಕ್ಟರೇಟ್ ಪಡೆದವರಿಗೆ ಮೊದಲು ಸಿಗುವುದು ಶಾಲು, ಹಾರ. ಅದರ ಬೆನ್ನಿಗೇ ಒಂದು ಪ್ರಶ್ನೆ: ‘ಪಿಎಚ್‌ಡಿ ಮುಗೀತಂತೆ, ಪೋಸ್ಟಿಂಗ್ ಎಲ್ಲಾಯ್ತು?’ ಕೇಳುವ ಸೋದರಮಾವನಿಗಾಗಲಿ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗಾಗಲಿ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಬಿ.ಇಡಿ ಓದಿದವರು ಶಾಲೆಗೆ, ಎಂಬಿಬಿಎಸ್ ಓದಿದವರು ಆಸ್ಪತ್ರೆಗೆ ಹೋಗುವಂತೆ ಪಿಎಚ್‌ಡಿ ಮಾಡಿದವರು ಕಾಲೇಜಿಗೆ ಹೋಗುತ್ತಾರೆ ಎಂಬುದು ಅವರ ಲೆಕ್ಕ. ಒಂದು ಕಾಲಕ್ಕೆ ಆ ಲೆಕ್ಕ ಸರಿಯಾಗಿಯೇ ಇತ್ತು. ಈಗ ತಪ್ಪಿದೆ. ಹಾಗೆಂದು ಬಾಯಿಬಿಟ್ಟು ಹೇಳಲು ವಿಭಾಗದ ಮುಖ್ಯಸ್ಥರಿಗೂ ಮನಸ್ಸಿಲ್ಲ, ಗೈಡಿಗೂ ಮನಸ್ಸಿಲ್ಲ. ಐದಾರು ವರ್ಷ ಕೂತು ಮಹಾಪ್ರಬಂಧ ಬರೆದ ಸಂಶೋಧನಾರ್ಥಿಗಂತೂ ಅದನ್ನು ತನಗೆ ತಾನೇ ಒಪ್ಪಿಕೊಳ್ಳುವುದು ಇನ್ನೂ ಕಷ್ಟ.

ತಪ್ಪಿದ್ದು ಎಲ್ಲಿ ನೋಡೋಣ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2014–15ರಲ್ಲಿ ದೇಶದಲ್ಲಿ ಪಿಎಚ್‌ಡಿಗೆ ದಾಖಲಾಗಿದ್ದವರು 1.17 ಲಕ್ಷ ಮಂದಿ. 2021–22ರಲ್ಲಿ 2.12 ಲಕ್ಷ. ಏಳು ವರ್ಷಗಳಲ್ಲಿ ಶೇ 81ರಷ್ಟು ಏರಿಕೆ. ಕಾಯಂ ಹುದ್ದೆಗಳು ಈ ವೇಗದಲ್ಲಿ ಬೆಳೆದಿಲ್ಲ ಎಂಬುದು ಯಾವ ಸರ್ಕಾರಿ ಕಾಲೇಜಿನ ಸ್ಟಾಫ್‌ರೂಮಿಗೆ ಹೋದರೂ ಕಣ್ಣಿಗೆ ಕಾಣುತ್ತದೆ. ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ 1,242 ಸಹಾಯಕ ಪ್ರಾಧ್ಯಾಪಕರನ್ನು ನೇಮಿಸಲು 2021ರಲ್ಲಿ ಅಧಿಸೂಚನೆ ಬಂತು. ಕನ್ನಡದಿಂದ ಗಣಿತದವರೆಗೆ ಎಲ್ಲ ವಿಷಯಗಳೂ ಸೇರಿ ಅಷ್ಟು. ಪರೀಕ್ಷೆ ನಡೆದದ್ದು 2022ರ ಮಾರ್ಚ್‌ನಲ್ಲಿ. ಆಮೇಲೆ ಆಯ್ಕೆಪಟ್ಟಿ, ಆಕ್ಷೇಪಣೆ, ದಾಖಲೆ ಪರಿಶೀಲನೆ ಎಂದು ದಾಟಿ ಆದೇಶಪತ್ರ ಕೈಸೇರುವಷ್ಟರಲ್ಲಿ ವರ್ಷಗಳೇ ಉರುಳಿದವು. ಇದು ಆಯ್ಕೆಯಾದವರ ಕಥೆ. ಉಳಿದವರು ಮುಂದಿನ ಅಧಿಸೂಚನೆಗೆ ಕಾಯುತ್ತಾ ಕೂತರು.

ನಿಯಮಗಳೂ ಈ ಕಾಯುವಿಕೆಗೆ ನೀರೆರೆದಿವೆ. ವಿಶ್ವವಿದ್ಯಾಲಯಗಳಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು 2021ರ ಜುಲೈ 1ರಿಂದ ಪಿಎಚ್‌ಡಿ ಕಡ್ಡಾಯ ಎಂದು ಯುಜಿಸಿ 2018ರಲ್ಲಿ ಹೇಳಿತು. ಕೋವಿಡ್ ಬಂತು, ಗಡುವು 2023ರ ಜುಲೈ 1ಕ್ಕೆ ಹೋಯಿತು. ಆ ದಿನ ಬರುವ ಹೊತ್ತಿಗೆ ಯುಜಿಸಿಯೇ ಮನಸ್ಸು ಬದಲಿಸಿ, ನೇರ ನೇಮಕಾತಿಗೆ ನೆಟ್, ಸೆಟ್ ಅಥವಾ ಸ್ಲೆಟ್ ಪರೀಕ್ಷೆ ಕನಿಷ್ಠ ಅರ್ಹತೆ, ಪಿಎಚ್‌ಡಿ ಇದ್ದರೆ ಇರಲಿ ಎಂದಿತು. ಕಡ್ಡಾಯವಾಗುತ್ತದೆಂದು ನಂಬಿ ಇದ್ದ ಕೆಲಸ ಬಿಟ್ಟು ನೋಂದಣಿ ಮಾಡಿಸಿಕೊಂಡವರಿಗೆ ಯಾರೂ ಸಮಜಾಯಿಷಿ ಕೊಡಲಿಲ್ಲ. ಅದೇ ಹೊತ್ತಿಗೆ ರಾಜ್ಯದಲ್ಲಿ ಬೀದರ್, ಹಾವೇರಿ, ಕೊಪ್ಪಳ, ಬಾಗಲಕೋಟೆ, ಹಾಸನ, ಚಾಮರಾಜನಗರ, ಕೊಡಗು ಎಂದು ಹೊಸ ವಿಶ್ವವಿದ್ಯಾಲಯಗಳು ತಲೆಯೆತ್ತಿದವು. ಹೊಸ ವಿಶ್ವವಿದ್ಯಾಲಯವೆಂದರೆ ಹೊಸ ಹುದ್ದೆಗಳು ಎಂದು ಆಸೆಪಟ್ಟವರು ಎಷ್ಟೋ. 2025ರ ಆರಂಭದಲ್ಲಿ ಸಂಪುಟ ಉಪಸಮಿತಿಯ ಮುಂದೆ ಇದ್ದದ್ದು ಅವುಗಳಲ್ಲಿ ಹೆಚ್ಚಿನವನ್ನು ಮುಚ್ಚುವ ಮಾತು.

ಕಾಯುವವರು ಸುಮ್ಮನೆ ಮನೆಯಲ್ಲಿ ಕೂರುವುದಿಲ್ಲ, ಅತಿಥಿ ಉಪನ್ಯಾಸಕರಾಗುತ್ತಾರೆ. ಒಂದೇ ಸ್ಟಾಫ್‌ರೂಮು, ಒಂದೇ ಸಿಲಬಸ್ಸು, ಅಕ್ಕಪಕ್ಕದ ಕುರ್ಚಿ. ಒಬ್ಬರ ಮೂಲ ವೇತನ ₹57,700ರಿಂದ ಶುರುವಾಗಿ ಮೇಲೆ ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆ ಸೇರುತ್ತದೆ. ಪಕ್ಕದವರಿಗೆ 2022ರ ಜನವರಿಯವರೆಗೆ ಸಿಗುತ್ತಿದ್ದದ್ದು ತಿಂಗಳಿಗೆ ₹11,000ದಿಂದ ₹13,000. ಆ ತಿಂಗಳು ಸರ್ಕಾರ ಅದನ್ನು ಅರ್ಹತೆ ಮತ್ತು ಅನುಭವಕ್ಕೆ ತಕ್ಕಂತೆ ₹32,000ದವರೆಗೆ ಏರಿಸಿತು. ಎರಡು ವರ್ಷ ಕಳೆದು, 2024ರ ಜನವರಿಯಲ್ಲಿ ಅವರು ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟಾಗ ಇನ್ನಷ್ಟು ಏರಿತು. ಆದರೂ ಪ್ರತಿ ವರ್ಷ ಹೊಸದಾಗಿ ಕೌನ್ಸೆಲಿಂಗ್, ರಜೆಯ ತಿಂಗಳುಗಳಲ್ಲಿ ಕೈ ಬರಿದು. ಮೂವತ್ತಕ್ಕೆ ಸೇರಿದವರು ನಲವತ್ತೈದಾದರೂ ಅದೇ ಕುರ್ಚಿಯಲ್ಲಿರುತ್ತಾರೆ. ಅವರ ಪಾಠದಲ್ಲಿ ಕೊರತೆಯಿಲ್ಲ. ಎಷ್ಟೋ ಕಾಲೇಜುಗಳು ನಡೆಯುತ್ತಿರುವುದೇ ಅವರಿಂದ.

ನನ್ನ ಮಟ್ಟಿಗೆ ಮಾತಾಡಬೇಕಾದ್ದು ಈ ವರ್ಷಗಳ ಬಗ್ಗೆ. ವಿಶ್ವವಿದ್ಯಾಲಯ ಬಿಟ್ಟು ಹೊರಗೆ ಹೋದವರನ್ನು ‘ಪಾಪ, ಸಿಗಲಿಲ್ಲ ಅಂತ ಹೋದ್ರು’ ಎಂದು ಮರುಕದಿಂದ ನೋಡುವ ನಾವು, ಹೋಗದೆ ಕಾದವರು ತೆತ್ತ ಬೆಲೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಕೇಂದ್ರದ ಸಂಶೋಧನಾ ಫೆಲೋಶಿಪ್ ಜೆಆರ್‌ಎಫ್ 2023ರ ಜನವರಿಯಿಂದ ತಿಂಗಳಿಗೆ ₹37,000, ಎಸ್‌ಆರ್‌ಎಫ್ ₹42,000. ಎರಡೂ ಸೇರಿ ಐದು ವರ್ಷಕ್ಕೆ ಮುಗಿಯುತ್ತದೆ. ಆದರೆ ಯುಜಿಸಿಯ 2022ರ ನಿಯಮದಲ್ಲಿ ಪಿಎಚ್‌ಡಿ ಮುಗಿಸಲು ಆರು ವರ್ಷದ ಅವಕಾಶವಿದೆ, ಮರುನೋಂದಣಿ ಮಾಡಿಸಿದರೆ ಇನ್ನೆರಡು. ಪ್ರಬಂಧ ಸಲ್ಲಿಕೆ, ಹೊರಗಿನ ಪರೀಕ್ಷಕರ ವರದಿ, ವೈವಾ ಇವೆಲ್ಲ ಬೀಳುವುದು ಹೆಚ್ಚಾಗಿ ಈ ದುಡ್ಡಿಲ್ಲದ ಅವಧಿಯಲ್ಲೇ. ಇದು ಫೆಲೋಶಿಪ್ ಇದ್ದವರ ಪಾಡು. ಜೆಆರ್‌ಎಫ್ ಆಗದೆ ರಾಜ್ಯ ವಿಶ್ವವಿದ್ಯಾಲಯದಲ್ಲಿ ನೋಂದಣಿಯಾದ ಎಷ್ಟೋ ಮಂದಿ ಮೊದಲ ದಿನದಿಂದಲೂ ಮನೆಯ ದುಡ್ಡಿನಲ್ಲೋ, ಪಾರ್ಟ್‌ಟೈಮ್ ಪಾಠದಲ್ಲೋ ದೂಡುವವರು. ಇಪ್ಪತ್ತನಾಲ್ಕಕ್ಕೆ ಎಂ.ಎ. ಮುಗಿಸಿ, ಮೂವತ್ತೊಂದಕ್ಕೆ ಡಾಕ್ಟರೇಟ್ ಪಡೆದು, ನಲವತ್ತರವರೆಗೆ ಕಾದರೆ ಪಿಎಫ್ ಇಲ್ಲ, ವಿಮೆ ಇಲ್ಲ. ಬ್ಯಾಂಕಿನಲ್ಲಿ ಮನೆ ಸಾಲ ಕೇಳಲು ಸಂಬಳದ ಚೀಟಿಯೂ ಇಲ್ಲ.

ಇಷ್ಟಾದರೂ ಯಾಕೆ ಹೋಗುವುದಿಲ್ಲ? ಒಂದು ಕಾರಣ ಸರಳ, ಹೊರಗೆ ಏನಿದೆ ಎಂದು ಗೊತ್ತಿಲ್ಲ. ಗೈಡ್ ಅನ್ನು ಕೇಳಿದರೆ ಅವರಿಗೂ ಗೊತ್ತಿಲ್ಲ. ಎಂ.ಎಸ್ಸಿ.ಯಿಂದ ನಿವೃತ್ತಿಯವರೆಗೆ ಕ್ಯಾಂಪಸ್ಸಿನ ಒಳಗೇ ಇದ್ದವರಿಗೆ ಬೇರೆ ದಾರಿ ತಿಳಿದಿರಬೇಕೆಂದು ನಿರೀಕ್ಷಿಸುವುದೂ ತಪ್ಪೇ. ಆದರೆ ವ್ಯವಸ್ಥೆಗೆ ಆ ರಿಯಾಯಿತಿ ಕೊಡಲಾಗದು. ಕೇಂದ್ರದ ರ‍್ಯಾಂಕಿಂಗ್ ಪಟ್ಟಿಯಾದ ಎನ್‌ಐಆರ್‌ಎಫ್‌ಗೆ ಮಾಹಿತಿ ಕೊಡುವಾಗ ಪದವೀಧರರ ಸಂಬಳದ ಲೆಕ್ಕ ಕೇಳುತ್ತಾರೆ, ಪಿಎಚ್‌ಡಿಯಲ್ಲಿ ಎಷ್ಟು ಮಂದಿ ಹೊರಬಂದರು ಎಂಬ ತಲೆಎಣಿಕೆ ಕೇಳುತ್ತಾರೆ. ಹೊರಬಂದವರು ಎಲ್ಲಿಗೆ ಹೋದರು ಎಂದು ವಿಭಾಗಗಳೂ ವಿಚಾರಿಸುವುದು ಅಪರೂಪ. ಕಳೆದ ಹತ್ತು ವರ್ಷಗಳಲ್ಲಿ ತಮ್ಮಲ್ಲಿ ಡಾಕ್ಟರೇಟ್ ಪಡೆದವರು ಈಗ ಎಲ್ಲಿ ಏನು ಕೆಲಸದಲ್ಲಿದ್ದಾರೆ ಎಂದು ಒಂದು ಹಾಳೆಯಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಚ್ಚಲು ದುಡ್ಡು ಬೇಕಿಲ್ಲ, ಯುಜಿಸಿ ಅನುಮತಿಯೂ ಬೇಕಿಲ್ಲ. ಹೊಸದಾಗಿ ಸೇರಲು ಬಂದವರು ಆ ಹಾಳೆಯನ್ನು ಓದಿ ನಿರ್ಧರಿಸಲಿ.

ಇನ್ನೊಂದು ಕಾರಣ ಮನಸ್ಸಿನದು. ಬೆಂಗಳೂರಿನ ದೊಡ್ಡ ವಿಜ್ಞಾನ ಸಂಸ್ಥೆಗಳಲ್ಲಿ ಈಗ ಈ ಹಿಂಜರಿಕೆ ಕರಗಿದೆ. ಅಲ್ಲಿನ ಹುಡುಗರು ಮೂರನೇ ವರ್ಷದಲ್ಲೇ ಹೊರಗಿನ ಕೆಲಸದ ಮಾತಾಡುತ್ತಾರೆ. ಕಂಪನಿಗಳೂ ಕೂಗಳತೆಯಲ್ಲಿವೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದು 1985ರಲ್ಲಿ, ಜಿಇ ತನ್ನ ಸಂಶೋಧನಾ ಕೇಂದ್ರ ತೆರೆದದ್ದು 2000ದಲ್ಲಿ, ಮೈಕ್ರೋಸಾಫ್ಟ್ ರಿಸರ್ಚ್ 2005ರಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೇ ಸೇರಿ 2000ದಲ್ಲಿ ಸ್ಟ್ರಾಂಡ್ ಜೀನೋಮಿಕ್ಸ್ ಕಟ್ಟಿದಾಗ, ಮೇಷ್ಟ್ರುಗಳೇ ಹೊರಗೆ ಕಾಲಿಟ್ಟರು ಎಂಬ ಧೈರ್ಯ ಶಿಷ್ಯರಿಗೂ ಬಂದಿರಬೇಕು. ಮಾನಸಗಂಗೋತ್ರಿಯ, ಧಾರವಾಡದ, ಕಲಬುರಗಿಯ ಸಮಾಜಶಾಸ್ತ್ರ, ಇತಿಹಾಸ, ಕನ್ನಡ ವಿಭಾಗಗಳ ಹುಡುಗರಿಗೆ ಇಂಥ ನೆರೆಹೊರೆ ಇಲ್ಲ. ‘ಐಟಿಯವರಿಗಾದ್ರೆ ಸರಿ, ಹಳಗನ್ನಡ ಓದಿದ ನಾನು ಎಲ್ಲಿಗೆ ಹೋಗ್ಲಿ ಸರ್’ ಎಂದು ಅವರು ಕೇಳುವುದರಲ್ಲಿ ನ್ಯಾಯವಿದೆ. ಅದಕ್ಕೆ ಉತ್ತರವೂ ಇದೆ, ಆದರೆ ಪೂರ್ತಿ ಸಿಹಿಯಾದ ಉತ್ತರವಲ್ಲ.

ಮೊದಲು ರಸಾಯನಶಾಸ್ತ್ರದವರ ಒಂದು ಕೆಲಸವನ್ನು ಹತ್ತಿರದಿಂದ ನೋಡೋಣ. ಕಂಪನಿಗಳ ಪರವಾಗಿ ಪೇಟೆಂಟ್ ಅರ್ಜಿ ಸಿದ್ಧಪಡಿಸುವ ವಕೀಲಿ ಸಂಸ್ಥೆಗಳಲ್ಲಿ ವಿಜ್ಞಾನದ ಪಿಎಚ್‌ಡಿಗಳಿಗೆ ಬೇಡಿಕೆ ಇದೆ. ಬೆಳಿಗ್ಗೆ ಮೇಜಿನ ಮೇಲೆ ಒಂದು ಔಷಧ ಕಂಪನಿಯ ಕಡತ ಬರುತ್ತದೆ: ಹಳೆಯ ಔಷಧವೊಂದರ ಹೊಸ ಹರಳು ರೂಪವನ್ನು ಕಂಡುಹಿಡಿದಿದ್ದೇವೆ, ಪೇಟೆಂಟ್ ಬೇಕು. ಇದನ್ನು ಜಗತ್ತಿನಲ್ಲಿ ಯಾರಾದರೂ ಮೊದಲೇ ಹೇಳಿದ್ದಾರೆಯೇ? ಜಪಾನಿನ ಅರ್ಜಿಯೊಂದರ ಮೂಲೆಯ ಕೋಷ್ಟಕದಲ್ಲಿ, ಎಂಬತ್ತರ ದಶಕದ ಜರ್ಮನ್ ಪತ್ರಿಕೆಯ ಅಡಿಟಿಪ್ಪಣಿಯಲ್ಲಿ? ಅದನ್ನು ಹುಡುಕಿ, ಕಂಪನಿ ತನ್ನದೆಂದು ಹೇಳುವ ಒಂದೊಂದು ಅಂಶದ ಎದುರಿಗೂ ಹಿಂದಿನ ದಾಖಲೆಯನ್ನು ಜೋಡಿಸುತ್ತಾ ಹೋಗಬೇಕು. ಆಮೇಲೆ ನಮ್ಮ ಪೇಟೆಂಟ್ ಕಾಯ್ದೆಯ 3(ಡಿ) ಕಲಂ ಎದುರಾಗುತ್ತದೆ. ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ ಗುಣಕಾರಿ ಶಕ್ತಿ ಹೆಚ್ಚಿದೆಯೆಂದು ತೋರಿಸದೆ ಭಾರತದಲ್ಲಿ ಪೇಟೆಂಟ್ ಇಲ್ಲ. ನೊವಾರ್ಟಿಸ್ ಕಂಪನಿಯ ಕ್ಯಾನ್ಸರ್ ಔಷಧ ಗ್ಲಿವೆಕ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ಎತ್ತಿಹಿಡಿದದ್ದು ಇದನ್ನೇ. ಆದ್ದರಿಂದ ಪ್ರಯೋಗಾಲಯದ ಅಂಕಿಅಂಶಗಳನ್ನು ಓದಿ, ಇವು ಆ ಮಟ್ಟ ಮುಟ್ಟುತ್ತವೆಯೇ ಎಂದು ಹೇಳಬಲ್ಲವರು ಬೇಕು. ಪ್ರಬಂಧದ ಎರಡನೇ ಅಧ್ಯಾಯಕ್ಕೆಂದು ನೂರಾರು ಲೇಖನ ಜಾಲಾಡಿದವರಿಗೆ ಈ ಕೆಲಸದ ಮುಕ್ಕಾಲು ಪಾಲು ಮೊದಲೇ ಬರುತ್ತದೆ. ಉಳಿದ ಕಾಲು ಪಾಲು ಕಾನೂನು. ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಇದ್ದವರು ಪೇಟೆಂಟ್ ಏಜೆಂಟ್ ಪರೀಕ್ಷೆ ಬರೆಯಬಹುದು: ಎರಡು ಪತ್ರಿಕೆ, ಒಂದು ಮೌಖಿಕ, ಪ್ರತಿಯೊಂದರಲ್ಲೂ ಶೇ 50, ಒಟ್ಟಾರೆ ಶೇ 60 ಅಂಕ ಬೇಕು. ಎಲ್‌ಎಲ್‌ಬಿ ಬೇಕಿಲ್ಲ.

ಇನ್ನು ಹಳಗನ್ನಡದ ಹುಡುಗನ ಪ್ರಶ್ನೆ. ಕೇಂದ್ರ ಸರ್ಕಾರದ ‘ಭಾಷಿಣಿ’ ಯೋಜನೆ 2022ರ ಜುಲೈನಲ್ಲಿ ಶುರುವಾದ ಮೇಲೆ, ಅದಕ್ಕೂ ಮುಂಚೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ ಭಾಷಾ ದತ್ತಾಂಶ ಕಟ್ಟುವ ಕೆಲಸ ನಡೆದಾಗಿನಿಂದಲೂ, ಕನ್ನಡವನ್ನು ಯಂತ್ರಕ್ಕೆ ಕಲಿಸುವವರು ಬೇಕಾಗಿದ್ದಾರೆ. ಕೆಲಸ ಹೇಗಿರುತ್ತದೆ ಎಂದರೆ, ಪಠ್ಯವನ್ನು ಓದಿ ಹೇಳುವ ಯಂತ್ರದ ಮುಂದೆ ‘1.5 ಲಕ್ಷ’ ಎಂದಿದೆ. ಅದು ‘ಒಂದು ಪಾಯಿಂಟ್ ಐದು’ ಎನ್ನಬೇಕೋ, ‘ಒಂದೂವರೆ’ ಎನ್ನಬೇಕೋ? ‘2/3’ ಎಂದಿದ್ದರೆ ತಾರೀಖೋ, ಮೂರರಲ್ಲಿ ಎರಡು ಪಾಲೋ? ಮೈಸೂರಿನವರು ‘ಬರ್ತೀನಿ’, ಮಂಗಳೂರಿನವರು ‘ಬರ್ತೇನೆ’, ಕುಂದಾಪುರದವರು ‘ಬತ್ತೆ’ ಎಂದಾಗ ಮೂರೂ ಒಂದೇ ಎಂದು ಗುರುತು ಹಾಕುವ ನಿಯಮ ಬರೆಯಬೇಕು. ಯಾವುದನ್ನು ತಪ್ಪೆಂದು ತಿದ್ದಬಾರದು ಎಂದೂ ಬರೆಯಬೇಕು. ವ್ಯಾಕರಣ, ಉಪಭಾಷೆ, ಶಾಸನಗಳ ಪಾಠಾಂತರ ಎಂದು ತಲೆಕೆಡಿಸಿಕೊಂಡವರಿಗೆ ಈ ಮನೋಧರ್ಮ ಹೊಸದಲ್ಲ. ಹೊಸದು ಏನೆಂದರೆ ಎಕ್ಸೆಲ್ ಹಾಳೆ, ದಿನಕ್ಕೆ ಇಷ್ಟು ವಾಕ್ಯ ಎಂಬ ಗುರಿ, ಸ್ವಲ್ಪ ಪೈಥಾನ್. ಸಿಹಿಯಿಲ್ಲದ ಭಾಗವನ್ನೂ ಹೇಳಿಬಿಡಬೇಕು. ಇದರಲ್ಲಿ ಬಹಳಷ್ಟು ಗುತ್ತಿಗೆ ಕೆಲಸ, ಯೋಜನೆ ಮುಗಿದರೆ ಕೆಲಸವೂ ಮುಗಿಯಿತು. ಕೇವಲ ವಾಕ್ಯಗಳಿಗೆ ಗುರುತು ಹಾಕುವ ಮಟ್ಟದಲ್ಲಿ ಉಳಿದವರಿಗೆ ಸಿಗುವ ದುಡ್ಡು ಅತಿಥಿ ಉಪನ್ಯಾಸಕರಿಗಿಂತ ಮೇಲೇನೂ ಇರುವುದಿಲ್ಲ. ನಿಯಮ ರೂಪಿಸುವ, ತಂಡ ನಡೆಸುವ ಹಂತಕ್ಕೆ ಏರಿದವರಿಗಷ್ಟೇ ಅದು ವೃತ್ತಿ.

ಸಮಾಜಶಾಸ್ತ್ರ, ಅರ್ಥಶಾಸ್ತ್ರದವರ ದಾರಿಯನ್ನು ಒಂದು ಕಾನೂನೇ ಅಗಲ ಮಾಡಿದೆ. ದೊಡ್ಡ ಕಂಪನಿಗಳು ಲಾಭದ ಶೇ 2ನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ ನಿಯಮ 2014ರಿಂದ ಇದೆ. ವರ್ಷಕ್ಕೆ ಸರಾಸರಿ ₹10 ಕೋಟಿ ಅಥವಾ ಅದಕ್ಕೂ ಹೆಚ್ಚು ಖರ್ಚು ಮಾಡಬೇಕಾದ ಕಂಪನಿಗಳು ₹1 ಕೋಟಿ ಅಥವಾ ಅದಕ್ಕೂ ಹೆಚ್ಚಿನ ಯೋಜನೆಗಳ ಪರಿಣಾಮವನ್ನು ಹೊರಗಿನವರಿಂದ ಅಳೆಸಬೇಕೆಂದು 2021ರಲ್ಲಿ ಸೇರಿಸಿದರು. ಕೊಳವೆಬಾವಿ ಮರುಪೂರಣ ಮಾಡಿಸಿದ ಮೇಲೆ ಹಳ್ಳಿಯಲ್ಲಿ ನೀರು ನಿಜವಾಗಿ ಹೆಚ್ಚಿತೇ ಎಂದು ನೋಡಲು ಮಾದರಿ ಆಯ್ದುಕೊಳ್ಳುವುದು, ಪ್ರಶ್ನಾವಳಿ ಕಟ್ಟುವುದು, ಸ್ವಸಹಾಯ ಗುಂಪಿನ ಹೆಂಗಸರೊಡನೆ ಕೂತು ಮಾತು ಹೊರಡಿಸುವುದು ಯಾರಿಗೆ ಗೊತ್ತು? ಕ್ಷೇತ್ರಕಾರ್ಯ ಮಾಡಿದ ಪಿಎಚ್‌ಡಿಗೆ ಗೊತ್ತು. ರಾಜ್ಯ ಸರ್ಕಾರದ ಯೋಜನೆಗಳನ್ನು ಅಳೆಸಲು ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರವೂ ಇದೆ. ಇಲ್ಲಿಗೆ ಬಂದವರು ಬಿಡಬೇಕಾದ ಒಂದು ಚಾಳಿಯೆಂದರೆ, ವರದಿಯ ಕೊನೆಗೆ ‘ಈ ಕುರಿತು ಹೆಚ್ಚಿನ ಅಧ್ಯಯನ ಅಗತ್ಯ’ ಎಂದು ಬರೆದು ಕೈತೊಳೆದುಕೊಳ್ಳುವುದು. ದುಡ್ಡು ಕೊಟ್ಟವರಿಗೆ ಬೇಕಾದ್ದು ಯೋಜನೆ ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂಬ ಮಾತು, ಅದೂ ಮೊದಲ ಎರಡು ಪುಟದಲ್ಲೇ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಜೀವಶಾಸ್ತ್ರದವರಿಗೆ ಔಷಧ ಪ್ರಯೋಗಗಳ ವರದಿ ಬರೆಯುವ ಮೆಡಿಕಲ್ ರೈಟಿಂಗ್ ಇದೆ. ಸಂಶೋಧನಾ ಸಂಸ್ಥೆಗಳಲ್ಲಿ ಅನುದಾನ ತರುವ, ನಿಭಾಯಿಸುವ ಕಚೇರಿಗಳಿವೆ. ಭೌತಶಾಸ್ತ್ರ, ಸಂಖ್ಯಾಶಾಸ್ತ್ರದವರನ್ನು ಡೇಟಾ ಸೈನ್ಸ್ ಎಳೆದುಕೊಂಡದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಬೆಂಗಳೂರಿನ ಎಂಎಪಿ ಕಲಾ ಮ್ಯೂಸಿಯಂ 2023ರಲ್ಲಿ, ಸೈನ್ಸ್ ಗ್ಯಾಲರಿ 2024ರಲ್ಲಿ ತೆರೆದ ಮೇಲೆ ಇತಿಹಾಸ, ವಿಜ್ಞಾನ ಎರಡೂ ಕಡೆಯವರು ಸಾರ್ವಜನಿಕರ ಜೊತೆ ಕೆಲಸ ಮಾಡುವ ಜಾಗಗಳು ಒಂದೆರಡು ಹೆಚ್ಚಿವೆ. ಸ್ವಂತ ಕಂಪನಿ ಕಟ್ಟುವವರಿಗೆ ಕೇಂದ್ರದ ಬೈರಾಕ್ ಸಂಸ್ಥೆಯ ಬಿಗ್ ಅನುದಾನದಲ್ಲಿ ಹದಿನೆಂಟು ತಿಂಗಳಿಗೆ ₹50 ಲಕ್ಷದವರೆಗೆ ಸಿಗುತ್ತದೆ. ಮೀಥೇನ್ ಅನಿಲದಿಂದ ಪ್ರೋಟೀನ್ ತೆಗೆಯುವ ಬೆಂಗಳೂರಿನ ಸ್ಟ್ರಿಂಗ್ ಬಯೋ ಕಟ್ಟಿದವರಲ್ಲಿ ಒಬ್ಬರು ಪಿಎಚ್‌ಡಿ ಮಾಡಿದ ವಿಜ್ಞಾನಿ. ಆದರೆ ನೂರರಲ್ಲಿ ತೊಂಬತ್ತು ಮಂದಿಗೆ ಉದ್ಯಮಿಯಾಗುವ ಆಸೆಯೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಸಮಾರಂಭಗಳಲ್ಲಿ ‘ಉದ್ಯೋಗ ಹುಡುಕಬೇಡಿ, ಉದ್ಯೋಗ ಕೊಡಿ’ ಎಂದು ಭಾಷಣ ಬಿಗಿಯುವವರು ತಿಂಗಳ ಕೊನೆಗೆ ಸಂಬಳ ಎಣಿಸುವವರೇ ಆಗಿರುತ್ತಾರೆ ಎಂಬುದನ್ನು ಗಮನಿಸಿದ್ದೀರಾ?

ಹೊರಗಿನ ಬಾಗಿಲಲ್ಲಿ ಮೊದಲು ಎಡವುವುದು ಬಯೋಡೇಟಾದಲ್ಲಿ. ವಿಶ್ವವಿದ್ಯಾಲಯಕ್ಕೆ ಕೊಡುವ ಬಯೋಡೇಟಾ ಹದಿನೈದು ಪುಟ: ಪಾಲ್ಗೊಂಡ ವಿಚಾರಸಂಕಿರಣ, ಅಧ್ಯಕ್ಷತೆ ವಹಿಸಿದ ಗೋಷ್ಠಿ, ಐಎಸ್‌ಬಿಎನ್ ಸಂಖ್ಯೆ ಸಮೇತ ಎಲ್ಲವೂ. ಕಂಪನಿಯವರು ಮೊದಲ ಪುಟ ಓದುವುದೇ ಹೆಚ್ಚು. ಉದಾಹರಣೆಗೆ ಪ್ರಾಣಿಶಾಸ್ತ್ರದ ಒಬ್ಬ ಹುಡುಗಿಯ ಬಯೋಡೇಟಾ ಎಂದಿಟ್ಟುಕೊಳ್ಳಿ. ಮೊದಲ ಸಾಲು: ‘ಪಶ್ಚಿಮಘಟ್ಟದ ಹೊಳೆಗಳ ಜಲಕೀಟ ವೈವಿಧ್ಯ: ಒಂದು ಅಧ್ಯಯನ, ಪಿಎಚ್‌ಡಿ.’ ಇದನ್ನು ಓದಿದ ಎಚ್‌ಆರ್‌ಗೆ ಏನೂ ತಿಳಿಯುವುದಿಲ್ಲ. ಈಗ ಅವಳನ್ನು ಕೂರಿಸಿಕೊಂಡು, ನಾಲ್ಕು ವರ್ಷ ಏನೇನು ಮಾಡಿದೆಯಮ್ಮ ಎಂದು ಕೇಳಿದರೆ ಹೇಳುತ್ತಾಳೆ: ಪ್ರತಿ ತಿಂಗಳು ಇಪ್ಪತ್ತು ಕಡೆ ನೀರು, ಹುಳ ಸಂಗ್ರಹಿಸಿದೆ, ಮಳೆಗಾಲದಲ್ಲೂ ಬಿಡಲಿಲ್ಲ. ಅರಣ್ಯ ಇಲಾಖೆಯ ಅನುಮತಿಗೆ ಎರಡು ಜಿಲ್ಲೆಯ ಡಿಎಫ್‌ಒ ಕಚೇರಿ ಅಲೆದೆ. ಇಬ್ಬರು ಸಹಾಯಕರಿಗೆ ಕೆಲಸ ಕಲಿಸಿದೆ. ಪ್ರಾಜೆಕ್ಟಿನ ದುಡ್ಡಿನ ಬಳಕೆ ಪ್ರಮಾಣಪತ್ರ ನಾನೇ ಬರೆದೆ. ಸಾವಿರಾರು ಮಾದರಿಗಳ ಪಟ್ಟಿಯನ್ನು ಆರ್ ತಂತ್ರಾಂಶದಲ್ಲಿ ವಿಶ್ಲೇಷಿಸಿದೆ. ಯಾವ ಹೊಳೆ ಕೆಡುತ್ತಿದೆ ಎಂದು ಹುಳ ನೋಡಿ ಹೇಳಬಲ್ಲೆ.

ಇದರಲ್ಲಿ ಪರಿಸರ ಸಲಹಾ ಸಂಸ್ಥೆಯೊಂದು ಹುಡುಕುವುದೆಲ್ಲ ಇದೆ. ಅದರಲ್ಲೂ ಡಿಎಫ್‌ಒ ಕಚೇರಿ ಅಲೆದದ್ದು! ಅವಳಿಗೆ ಅದು ಹೇಳಿಕೊಳ್ಳಲು ನಾಚಿಕೆಯಾಗುವ ಕಿರಿಕಿರಿ. ಸಂಸ್ಥೆಗೆ ಅದು ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿಸಿಕೊಂಡು ಬರಬಲ್ಲವಳು ಎಂಬ ಗುರುತು. ಪಿಎಚ್‌ಡಿಯಲ್ಲಿ ಕಲಿತದ್ದರಲ್ಲಿ ಹೊರಗೆ ಬೆಲೆ ಬರುವುದು ಬಹಳ ಸಲ ಪ್ರಬಂಧದ ಶೀರ್ಷಿಕೆಯಲ್ಲಿ ಇರದ ಸಂಗತಿಗಳಿಗೇ.

ಸಂದರ್ಶನದಲ್ಲಿ ಬರುವ ಪ್ರಶ್ನೆ ಎರಡು. ‘ನಿಮ್ಮ ಥೀಸಿಸ್ ಬಗ್ಗೆ ಹೇಳಿ’ ಎಂಬುದಕ್ಕೆ ಎರಡು ನಿಮಿಷದ ಉತ್ತರ ಬೇಕು. ನಮ್ಮವರು ಪೀಠಿಕೆಗೇ ಹತ್ತು ನಿಮಿಷ ತೆಗೆದುಕೊಳ್ಳುತ್ತಾರೆ, ಅದು ವೈವಾದ ಅಭ್ಯಾಸ. ‘ಇಷ್ಟೊಂದು ಓದಿದವರು ನಮ್ಮಲ್ಲಿ ಎಷ್ಟು ದಿನ ಇರ್ತೀರಿ? ಲೆಕ್ಚರರ್ ಪೋಸ್ಟ್ ಕರೆದ್ರೆ ಹೋಗಿಬಿಡ್ತೀರಲ್ಲ?’ ಎಂಬುದು ಎರಡನೆಯದು. ಇದಕ್ಕೆ ಸುಳ್ಳು ಹೇಳಿದರೆ ಮುಖದಲ್ಲೇ ಗೊತ್ತಾಗುತ್ತದೆ. ರಾಜ್ಯದ ಸೆಟ್ ಪರೀಕ್ಷೆಯಾದ ಕೆಸೆಟ್‌ನ ಅರ್ಜಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಸಂದರ್ಶನಕ್ಕೆ ಹೋಗುವವರು ಆ ಕೆಲಸದಲ್ಲೂ ನಿಲ್ಲುವುದಿಲ್ಲ, ಈ ಕೆಲಸದಲ್ಲೂ ನಿಲ್ಲುವುದಿಲ್ಲ. ಎಷ್ಟು ವರ್ಷ, ಎಷ್ಟು ಅಧಿಸೂಚನೆಯವರೆಗೆ ಪ್ರಯತ್ನಿಸುತ್ತೇನೆ ಎಂದು ಮೊದಲೇ ಒಂದು ಗೆರೆ ಎಳೆದುಕೊಂಡು, ಅದು ದಾಟಿದ ಮೇಲೆ ಹೊರಟವರು ನಿರಾಳವಾಗಿರುವುದನ್ನು ಕಂಡಿದ್ದೇನೆ. ಆ ಗೆರೆ ಎಳೆಯಲು ಒಳ್ಳೆಯ ಸಮಯ ಪ್ರಬಂಧ ಸಲ್ಲಿಸಿದ ಮೇಲಲ್ಲ, ಮೂರನೇ ವರ್ಷ. ಆಗ ಒಂದು ಬೇಸಿಗೆಯಲ್ಲಿ ಎರಡು ತಿಂಗಳು ಹೊರಗೆಲ್ಲಾದರೂ ಇಂಟರ್ನ್‌ಶಿಪ್ ಮಾಡಿ ನೋಡಿದರೆ ಬೇಕೋ ಬೇಡವೋ ತಿಳಿಯುತ್ತದೆ. ಗೈಡ್ ಒಪ್ಪಬೇಕು, ಅಷ್ಟೇ. ಆ ಅಷ್ಟೇ ಎಂಬುದು ಎಷ್ಟು ದೊಡ್ಡದೆಂದು ಸಂಶೋಧನಾರ್ಥಿಗಳಿಗೆ ಗೊತ್ತು.

ಹೆಣ್ಣುಮಕ್ಕಳಿಗೆ ಇದರಲ್ಲಿ ಇನ್ನೊಂದು ಸುತ್ತು ಜಾಸ್ತಿ. 2014–15ರಲ್ಲಿ 47,717 ಇದ್ದ ಪಿಎಚ್‌ಡಿ ವಿದ್ಯಾರ್ಥಿನಿಯರ ಸಂಖ್ಯೆ 2021–22ರಲ್ಲಿ 98,636ಕ್ಕೆ ಏರಿತು. ಯುಜಿಸಿ ಅವರಿಗೆ ಎರಡು ವರ್ಷ ಹೆಚ್ಚಿನ ಅವಧಿ, 240 ದಿನದವರೆಗೆ ಹೆರಿಗೆ ರಜೆ ಕೊಟ್ಟಿದೆ. ಮನೆಯವರ ಕಣ್ಣಿಗೆ ಉಪನ್ಯಾಸಕಿಯ ಕೆಲಸ ಸೊಸೆಗೆ ಹೇಳಿ ಮಾಡಿಸಿದ್ದು: ಮಧ್ಯಾಹ್ನಕ್ಕೆ ಮನೆ, ಬೇಸಿಗೆ ರಜೆ, ‘ಮೇಡಂ’ ಎಂಬ ಗೌರವ. ಅದೇ ಹುಡುಗಿ ಬೆಂಗಳೂರಿನ ಕಂಪನಿ ಸೇರುತ್ತೇನೆ ಎಂದರೆ, ‘ಇದಕ್ಕೆ ಪಿಎಚ್‌ಡಿ ಯಾಕೆ ಬೇಕಿತ್ತು, ಬಿ.ಇ. ಸಾಕಿತ್ತಲ್ಲ’ ಎಂಬ ಮಾತು ಬರುತ್ತದೆ. ಗಂಡನಿಗೆ ವರ್ಗವಾದ ಊರಿನಲ್ಲೆಲ್ಲ ಕಡಿಮೆ ದುಡ್ಡಿಗೆ ಪಾಠ ಮಾಡುತ್ತಾ ಹದಿನೈದು ವರ್ಷ ಸವೆಸಿದವರನ್ನು ಮಾತ್ರ ಯಾರೂ ಹಾಗೆ ಕೇಳುವುದಿಲ್ಲ. ಮನೆಯಿಂದಲೇ ಮಾಡಬಹುದಾದ ಪೇಟೆಂಟ್ ಶೋಧ, ಮೆಡಿಕಲ್ ರೈಟಿಂಗ್, ಸಂಪಾದನೆಯಂಥ ಕೆಲಸಗಳು ಇಂಥವರಿಗೆ ಊರು ಬದಲಾದರೂ ಬದಲಾಗದ ಕೆಲಸ ಕೊಡುತ್ತಿವೆ. ಈ ಬದಲಾವಣೆಯ ಬಗ್ಗೆ ನಮ್ಮಲ್ಲಿ ಇನ್ನೂ ಸರಿಯಾಗಿ ಬರೆದಿಲ್ಲ.

ಹಾಗಂತ ಹೊರಗಡೆ ಹಾಲು ಜೇನು ಹರಿಯುತ್ತಿಲ್ಲ. ಕ್ಷಯ, ಮಲೇರಿಯಾದಂಥ ಬಡವರ ಕಾಯಿಲೆಗಳಿಗೆ ಔಷಧ ಹುಡುಕುತ್ತಿದ್ದ ಆಸ್ಟ್ರಾಜೆನೆಕಾದ ಬೆಂಗಳೂರು ಸಂಶೋಧನಾ ಕೇಂದ್ರವನ್ನು ಮುಚ್ಚುವುದಾಗಿ ಕಂಪನಿ 2014ರಲ್ಲಿ ಹೇಳಿತು. ಅಲ್ಲಿದ್ದವರು ಒಳ್ಳೆಯ ವಿಜ್ಞಾನಿಗಳೇ, ಕೆಲಸವೂ ಒಳ್ಳೆಯದೇ. ಆದರೆ ನಿರ್ಧಾರವಾದದ್ದು ಬೇರೆ ದೇಶದಲ್ಲಿ, ಬೇರೆ ಲೆಕ್ಕದಲ್ಲಿ. ಸರ್ಕಾರಿ ಕಾಲೇಜಿನ ಕಾಯಂ ಕುರ್ಚಿಗೆ ಈ ಭಯವಿಲ್ಲ, ಅದರ ಆಕರ್ಷಣೆಯ ಗುಟ್ಟೂ ಅದೇ. ಕಳೆದುಕೊಳ್ಳುವುದು ಇನ್ನೂ ಇದೆ. ನಿಮ್ಮ ಪ್ರಶ್ನೆಯನ್ನು ನೀವೇ ಆರಿಸಿಕೊಳ್ಳುವ ಸ್ವಾತಂತ್ರ್ಯ ಹೋಗುತ್ತದೆ. ಗ್ರಂಥಾಲಯ ಹೋಗುತ್ತದೆ. 2025ರ ಜನವರಿಯಿಂದ ಸರ್ಕಾರಿ ಶಿಕ್ಷಣ ಸಂಸ್ಥೆಗಳಿಗೆಲ್ಲ ಸುಮಾರು 13,000 ವಿದ್ವತ್ ಪತ್ರಿಕೆಗಳನ್ನು ಒದಗಿಸುವ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಶುರುವಾಯಿತು. ಕ್ಯಾಂಪಸ್ ಬಿಟ್ಟವರಿಗೆ ಅದರ ಬಾಗಿಲು ಇಲ್ಲ. ಹತ್ತು ವರ್ಷ ಗೈಡ್ ಎದುರು ‘ಸರ್, ಸರ್’ ಎಂದು ನಿಂತವರು ಮೊದಲ ದಿನವೇ ತಮಗಿಂತ ಐದಾರು ವರ್ಷ ಚಿಕ್ಕವನಾದ ಮ್ಯಾನೇಜರ್ ಅನ್ನು ಹೆಸರು ಹಿಡಿದು ಕರೆಯಬೇಕು. ಬಾಯಿಗೆ ಅದು ಬರುವುದೇ ಇಲ್ಲ, ಮೊದಲ ಒಂದು ತಿಂಗಳು ಎಲ್ಲರೂ ಮಾತನ್ನು ‘ಹಲೋ’ದಿಂದಲೇ ಶುರುಮಾಡಿ ಹೆಸರು ತಪ್ಪಿಸುತ್ತಾರೆ.

ಇನ್ನು ‘ಡಾ.’ ಎಂಬುದರ ಮೋಹ. ಮೈಸೂರು ವಿಶ್ವವಿದ್ಯಾಲಯ 1976ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟ ಮೇಲೆ ರಾಜ್‌ಕುಮಾರ್ ಅವರ ಹೆಸರನ್ನು ಆ ಅಕ್ಷರವಿಲ್ಲದೆ ಬರೆದವರು ಕಡಿಮೆ. ಗೇಟಿನ ಫಲಕ, ಮದುವೆ ಕರೆಯೋಲೆ, ಗೃಹಪ್ರವೇಶದ ಬ್ಯಾನರ್ ಎಲ್ಲದರಲ್ಲೂ ಅದು ಬೇಕು. ಕಂಪನಿಯ ಐಡಿ ಕಾರ್ಡಿನಲ್ಲಿ ಅದು ಇರುವುದಿಲ್ಲ, ಕೇಳುವವರೂ ಇಲ್ಲ. ಕೆಲವರಿಗೆ ಇದು ಮೊದಲ ವರ್ಷವೆಲ್ಲ ಕಾಲಿಗೆ ಚುಚ್ಚಿದ ಮುಳ್ಳಿನಂತೆ ಕಾಡುತ್ತದೆ. ಇಮೇಲ್ ಸಹಿಯಲ್ಲಿ ಹಾಕಿಕೊಳ್ಳಿ, ಯಾರು ಬೇಡವೆಂದರು? ಐದಾರು ವರ್ಷ ಬೆವರು ಸುರಿಸಿ ಗಳಿಸಿದ್ದನ್ನು ನಾಚಿಕೆಯಿಂದ ಮುಚ್ಚಿಡಬೇಕಾಗಿಲ್ಲ. ದುಡ್ಡು ಕೊಟ್ಟು ಗೌರವ ಡಾಕ್ಟರೇಟ್ ತಂದವರೇ ಊರೆಲ್ಲ ಫ್ಲೆಕ್ಸ್ ಹಾಕಿಸಿಕೊಂಡು ಮೆರೆಯುವ ಕಾಲದಲ್ಲಿ ಇದೆಂಥ ಸಂಕೋಚ.

ಹೊರಗೆ ಹೋದವರು ಮರಳಿ ಬರಬಹುದೇ? ಬರಬಹುದು ಎಂದು ಯುಜಿಸಿಯೇ 2022ರಲ್ಲಿ ‘ಪ್ರೊಫೆಸರ್ ಆಫ್ ಪ್ರಾಕ್ಟಿಸ್’ ಎಂಬ ಹುದ್ದೆ ತೆರೆದಿದೆ. ಕನಿಷ್ಠ ಹದಿನೈದು ವರ್ಷ ತಮ್ಮ ವೃತ್ತಿಯಲ್ಲಿ ನುರಿತವರನ್ನು, ಮಂಜೂರಾದ ಹುದ್ದೆಗಳ ಶೇ 10 ಮೀರದಂತೆ, ವಿಶ್ವವಿದ್ಯಾಲಯಗಳು ನೇರವಾಗಿ ಪ್ರಾಧ್ಯಾಪಕರಾಗಿ ಕರೆದುಕೊಳ್ಳಬಹುದು. ಅವಧಿ ಹೆಚ್ಚೆಂದರೆ ಮೂರು ವರ್ಷ, ವಿಶೇಷ ಸಂದರ್ಭದಲ್ಲಿ ನಾಲ್ಕು. ಈ ಹುದ್ದೆಗೆ ನೆಟ್ ಬೇಕಿಲ್ಲ, ಸೆಟ್ ಬೇಕಿಲ್ಲ, ಪ್ರಕಟಿತ ಲೇಖನಗಳ ಪಟ್ಟಿ ಕಡ್ಡಾಯವಿಲ್ಲ, ಪಿಎಚ್‌ಡಿಯೂ ಬೇಕಿಲ್ಲ.